ದುಬೈಗೆ ನಾಲ್ಕು ಗಂಟೆ ಬೇಡ, ಮನೆ ಮುಟ್ಟಲು ಇಡೀ ದಿನ ಬೇಕು

ಕಾಸರಗೋಡು: ಇಲ್ಲಿಂದ ನಮ್ಮ ರಾಜಧಾನಿ ತಿರುವನಂತಪುರಕ್ಕೆ ರೈಲಿನಲ್ಲಿ 550 ಕಿ.ಮೀ.ಗೂ ಹೆಚ್ಚು ದಾರಿ. ವಂದೇ ಭಾರತ್ ಹಿಡಿದರೂ ಸುಮಾರು 8 ಗಂಟೆ ಕೂರಬೇಕು. ಅದೇ ಮಂಗಳೂರಿನಿಂದ ದುಬೈಗೆ ಆಕಾಶಮಾರ್ಗದ ದೂರ ಸುಮಾರು 2,460 ಕಿ.ಮೀ. ಇದ್ದರೂ, ನೇರ ವಿಮಾನಕ್ಕೆ ಸಾಮಾನ್ಯವಾಗಿ ನಾಲ್ಕು ಗಂಟೆ ಬೇಡ. 2006ರಲ್ಲಿ ಮಂಗಳೂರಿನಿಂದ ಗಲ್ಫಿಗೆ ವಿಮಾನ ಶುರುವಾಗುವ ಮೊದಲು ಗಡಿನಾಡಿನವರು ಮುಂಬೈಗೋ ಕಲ್ಲಿಕೋಟೆಗೋ ಹೋಗಿ ಹತ್ತಬೇಕಿತ್ತು.

"ಹೋಗುವಾಗ ಬೆಳಿಗ್ಗೆ ಎಂಟಕ್ಕೆ ಹತ್ತಿ ಹತ್ತೂಕಾಲಕ್ಕೆ ಮುಟ್ಟಿದನಂತೆ. ಬರುವಾಗ ಐದು ಗಂಟೆ ಎಂತಕ್ಕೆ?" ಎಂಬುದು ಉಪ್ಪಳ, ಕುಂಬಳೆ ಕಡೆಯ ಮನೆಗಳಲ್ಲಿ ಹಿರಿಯರಿಗೆ ಬರುವ ಸಂಶಯ. ವಿಮಾನ ನಿಧಾನವಾದದ್ದಲ್ಲ, ಇದು ಗಡಿಯಾರದ ಆಟ. ಸೂರ್ಯ 15 ಡಿಗ್ರಿ ರೇಖಾಂಶ ದಾಟಲು ಒಂದು ಗಂಟೆ ಬೇಕು. ಭಾರತದ ಸಮಯ 82.5 ಡಿಗ್ರಿಯ ಲೆಕ್ಕದ್ದು, ದುಬೈಯದ್ದು 60 ಡಿಗ್ರಿಯದ್ದು. ಹಾಗಾಗಿ ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟಿನಲ್ಲಿ ಹೊರಡುವ, ಇಳಿಯುವ ಹೊತ್ತು ಆಯಾ ಊರಿನದ್ದೇ. ಹೋಗುವಾಗ ನಿಜವಾಗಿ ಹಾರಿದ್ದು ಮೂರೂಮುಕ್ಕಾಲು ಗಂಟೆ, ಬರುವಾಗ ಮೂರೂವರೆ.

ಆ ಕಾಲು ಗಂಟೆಯ ವ್ಯತ್ಯಾಸ ಗಾಳಿಯದ್ದು. ಚಳಿಗಾಲದಲ್ಲಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಊರಿಗೆ ಬರುವ ವಿಮಾನವನ್ನು ಅದು ಹಿಂದಿನಿಂದ ದೂಡುತ್ತದೆ, ಹೋಗುವುದನ್ನು ಎದುರಿನಿಂದ ತಡೆಯುತ್ತದೆ.

ಈ ಲೆಕ್ಕ ಗೊತ್ತಿಲ್ಲದೆ ಮನೆಯವರು ಕಷ್ಟಕ್ಕೆ ಬೀಳುವುದು ಸಾವಿನ ಸುದ್ದಿ ಹೋದ ದಿನ. "ನಾಲ್ಕು ಗಂಟೆಯ ದಾರಿ ಅಲ್ವಾ, ಮಧ್ಯಾಹ್ನಕ್ಕೆ ಮುಟ್ತಾನೆ" ಅಂತ ನೆಂಟರಿಗೆ ಹೇಳಿ ಕಾಯುತ್ತಾರೆ. ಇಲ್ಲಿ ಬೆಳಿಗ್ಗೆ 8 ಗಂಟೆಗೆ ಫೋನ್ ಮಾಡಿದರೆ ಅಲ್ಲಿ ಆರೂವರೆ. ರಜೆ ಕೇಳಿ, ಟಿಕೆಟ್ ಮಾಡಿ, ಮೂರು ಗಂಟೆ ಮೊದಲೇ ನಿಲ್ದಾಣ ಸೇರಬೇಕು. ಅದೃಷ್ಟಕ್ಕೆ ಮಧ್ಯಾಹ್ನ 12ರ ವಿಮಾನದಲ್ಲಿ ಸೀಟು ಸಿಕ್ಕಿತೆನ್ನಿ, ಮಂಗಳೂರಲ್ಲಿ ಇಳಿಯುವಾಗ ನಮ್ಮ ಸಂಜೆ ಐದು. ಪಾಸ್‌ಪೋರ್ಟ್ ತಪಾಸಣೆ ಮುಗಿಸಿ ಹೊರಬರಲು ಒಂದು ಗಂಟೆ ಹಿಡಿಯಿರಿ. ಅಲ್ಲಿಂದ ಕೆಂಜಾರಿನ ಗುಡ್ಡ ಇಳಿದು, ಪೇಟೆಯ ಟ್ರಾಫಿಕ್ ದಾಟಿ, ತಲಪಾಡಿ ಮೂಲಕ ಕಾಸರಗೋಡು ಮುಟ್ಟುವಾಗ ಎಂಟಾದರೂ ಆಶ್ಚರ್ಯವಿಲ್ಲ. ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ಇನ್ನೂ ಸ್ವಲ್ಪ ಹೊತ್ತು.

ಅಂದರೆ ಸುದ್ದಿ ತಲುಪಿ ಹನ್ನೆರಡು ಗಂಟೆ. ಹಾರಾಟ ಅದರಲ್ಲಿ ಮೂರನೇ ಒಂದು ಪಾಲೂ ಇಲ್ಲ. ನೇರ ವಿಮಾನ ಸಿಗದಿದ್ದರೆ ಮರುದಿನವೇ. ದಹನವಾಗಲಿ ದಫನವಾಗಲಿ, ಹೊತ್ತು ನಿಶ್ಚಯಿಸುವ ಮೊದಲು ಮನೆಯವರು ಎರಡೇ ವಿಷಯ ಕೇಳಬೇಕು: ಟಿಕೆಟ್ ಕೈಗೆ ಬಂತಾ? ಇಳಿಯುವುದು ನಮ್ಮ ಸಮಯ ಎಷ್ಟಕ್ಕೆ? ಅದಕ್ಕೆ ಮೂರು ಗಂಟೆ ಸೇರಿಸಿ ನೆಂಟರಿಗೆ ಹೇಳಿದರೆ, ಬರುವವನಿಗೂ ಮುಖ ನೋಡಲು ಸಿಗುತ್ತದೆ, ಕಾಯುವವರಿಗೂ ನೆಮ್ಮದಿ.