ಮತಗಟ್ಟೆಗೆ ಹೋಗಲಾಗದವರ ಮತ

ಭಾರತದ ಮತದಾರರು ಅನುಕೂಲದ ದಿನ ನೋಡಿಕೊಂಡು ಮುಂಚಿತವಾಗಿ ಮತ ಹಾಕಿ ಬರುವಂತಿಲ್ಲ. ಗೊತ್ತುಪಡಿಸಿದ ದಿನ ತಮ್ಮ ಮತಗಟ್ಟೆಗೇ ಹೋಗಬೇಕೆಂಬುದು ಸಾಮಾನ್ಯ ನಿಯಮ. ಹೋಗಲಾಗದ ಕೆಲವರಿಗೆ ಮಾತ್ರ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 60ನೇ ಸೆಕ್ಷನ್ ಬೇರೆ ದಾರಿ ತೆರೆದಿದೆ. ಸೈನಿಕರು, ಚುನಾವಣಾ ಕರ್ತವ್ಯದ ಮೇಲಿರುವ ನೌಕರರು, ಮುಂಜಾಗ್ರತಾ ಬಂಧನದಲ್ಲಿರುವವರು ಹಿಂದಿನಿಂದಲೂ ಅಂಚೆ ಮತಪತ್ರ ಬಳಸುತ್ತ ಬಂದಿದ್ದಾರೆ. 2019ರ ತಿದ್ದುಪಡಿ 80 ದಾಟಿದ ಹಿರಿಯರನ್ನೂ ಅಂಗವಿಕಲರನ್ನೂ ಈ ಸಾಲಿಗೆ ಸೇರಿಸಿತು. 2024ರ ಮಾರ್ಚ್‌ನಲ್ಲಿ ವಯಸ್ಸಿನ ಮಿತಿಯನ್ನು 85ಕ್ಕೆ ಏರಿಸಲಾಯಿತು. ಅಂಗವಿಕಲರಿಗೆ ಕನಿಷ್ಠ ಶೇ 40ರಷ್ಟು ವೈಕಲ್ಯದ ಪ್ರಮಾಣಪತ್ರ ಇರಬೇಕು.

ಹಿರಿಯರು ಮತ್ತು ಅಂಗವಿಕಲರು ಮನೆಯಿಂದಲೇ ಮತ ಹಾಕುವ ವ್ಯವಸ್ಥೆ ಕರ್ನಾಟಕದ ವಿಧಾನಸಭಾ ಸಾರ್ವತ್ರಿಕ ಚುನಾವಣೆಯಲ್ಲಿ ಮೊದಲು ಬಂದದ್ದು 2023ರಲ್ಲಿ. ಇದಕ್ಕೆ ನಮೂನೆ 12-ಡಿ ತುಂಬಿ ಕೊಡಬೇಕು. ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ, ಅರ್ಹರ ಮನೆಗೆ ಬಂದು ನಮೂನೆ ಕೊಟ್ಟು, ತುಂಬಿದ್ದನ್ನು ಮರಳಿ ಪಡೆಯುತ್ತಾರೆ. ಹೆಚ್ಚು ಮಂದಿ ಎಡವುವುದು ಗಡುವಿನ ವಿಷಯದಲ್ಲಿ. ಅರ್ಜಿಗೆ ಇರುವುದು ಅಧಿಸೂಚನೆ ಹೊರಟ ನಂತರದ 5 ದಿನ ಮಾತ್ರ. ಚುನಾವಣಾ ಆಯೋಗ ದಿನಾಂಕ ಪ್ರಕಟಿಸುವುದೇ ಬೇರೆ, ಅಧಿಸೂಚನೆ ಹೊರಡುವುದೇ ಬೇರೆ. 2023ರಲ್ಲಿ ದಿನಾಂಕ ಪ್ರಕಟವಾದದ್ದು ಮಾರ್ಚ್ 29ಕ್ಕೆ, ಅಧಿಸೂಚನೆ ಹೊರಟದ್ದು ಏಪ್ರಿಲ್ 13ಕ್ಕೆ, ಮತದಾನ ಮೇ 10ಕ್ಕೆ. ಊರಲ್ಲಿ ಪ್ರಚಾರದ ಕಾವು ಏರುವ ಹೊತ್ತಿಗೆ ಅರ್ಜಿಯ ಗಡುವು ಮುಗಿದೇ ಹೋಗಿತ್ತು.

ಅರ್ಜಿ ಒಪ್ಪಿಗೆಯಾದವರ ಮನೆಗೆ ಮತದಾನದ ದಿನಕ್ಕೆ ಮೊದಲೇ ಅಧಿಕಾರಿಗಳ ತಂಡ ಬರುತ್ತದೆ. ಜತೆಗೆ ಪೊಲೀಸರು, ವಿಡಿಯೊ ಚಿತ್ರೀಕರಣ ಮಾಡುವವರು ಇರುತ್ತಾರೆ. ತಂಡದ ಭೇಟಿಯ ವೇಳಾಪಟ್ಟಿ ಅಭ್ಯರ್ಥಿಗಳಿಗೂ ಮೊದಲೇ ಸಿಗುವುದರಿಂದ ಅವರ ಪ್ರತಿನಿಧಿಗಳು ಬಂದು ಗಮನಿಸಬಹುದು. ಮತ ಗುರುತು ಹಾಕುವುದು ಮಾತ್ರ ಗುಟ್ಟಾಗಿಯೇ, ಅದನ್ನು ಚಿತ್ರೀಕರಿಸುವಂತಿಲ್ಲ. ಮನೆಯಲ್ಲಿ ಬಳಸುವುದು ಯಂತ್ರವಲ್ಲ, ಕಾಗದದ ಮತಪತ್ರ. ಮೊದಲ ಭೇಟಿಯಲ್ಲಿ ಮತದಾರರು ಸಿಗದಿದ್ದರೆ ತಂಡ ಇನ್ನೊಮ್ಮೆ ಬರುತ್ತದೆ, ಮೂರನೆಯ ಅವಕಾಶವಿಲ್ಲ. ಅಂಚೆ ಮತಪತ್ರ ಮಂಜೂರಾದವರ ಹೆಸರಿನ ಮುಂದೆ ಮತದಾರರ ಪಟ್ಟಿಯಲ್ಲಿ ಗುರುತು ಬೀಳುತ್ತದೆ. ಬಳಿಕ ಅವರು ಮತಗಟ್ಟೆಗೆ ಹೋದರೂ ಮತ ಹಾಕಲಾಗದು. ನಡೆದು ಹೋಗುವ ಶಕ್ತಿಯೂ ಮನಸ್ಸೂ ಇರುವ ಅಜ್ಜ ಅಜ್ಜಿಯರ ಹೆಸರಿನಲ್ಲಿ ಮನೆಯವರು ಅವಸರಪಟ್ಟು ಅರ್ಜಿ ಹಾಕದಿರುವುದೇ ಒಳ್ಳೆಯದು.

ಗುರುತು ಹಾಕಿದ ಮತಪತ್ರವನ್ನು ಚಿಕ್ಕ ಲಕೋಟೆಯಲ್ಲಿಟ್ಟು ಅಂಟಿಸಿ, ಅದನ್ನೂ ಸಹಿ ಮಾಡಿ ದೃಢೀಕರಿಸಿದ ಘೋಷಣಾ ಪತ್ರವನ್ನೂ ದೊಡ್ಡ ಲಕೋಟೆಗೆ ಹಾಕಬೇಕು. ಎಣಿಕೆಯ ವೇಳೆ ಮೊದಲು ನೋಡುವುದು ಘೋಷಣೆಯನ್ನು. ಅದು ಇಲ್ಲದಿದ್ದರೆ, ಸರಿಯಾಗಿ ಸಹಿಯಾಗದಿದ್ದರೆ ಅಥವಾ ಅದರಲ್ಲಿನ ಮತಪತ್ರದ ಸಂಖ್ಯೆ ಹೊಂದದಿದ್ದರೆ ಚಿಕ್ಕ ಲಕೋಟೆಯನ್ನು ತೆರೆಯುವುದೇ ಇಲ್ಲ. ಮತಪತ್ರದ ಮೇಲೆ ಹೆಸರನ್ನೋ ರುಜುವನ್ನೋ ಹಾಕಿದರೂ ಮತ ತಿರಸ್ಕೃತವಾಗುತ್ತದೆ. ಈ ಸಣ್ಣ ತಪ್ಪುಗಳ ಬೆಲೆ ದೊಡ್ಡದು. 2023ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರದ ಫಲಿತಾಂಶ ಕೇವಲ 16 ಮತಗಳ ಅಂತರದಲ್ಲಿ ನಿರ್ಧಾರವಾಯಿತು. ಅಂದು ತಡರಾತ್ರಿಯವರೆಗೆ ಎಳೆದಾಡಿದ ವಿವಾದ ತಿರಸ್ಕೃತ ಅಂಚೆ ಮತಗಳದ್ದೇ ಆಗಿತ್ತು. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆಯಿದ್ದರೆ ಅವೆಲ್ಲವನ್ನೂ ಮತ್ತೆ ಪರಿಶೀಲಿಸಲೇಬೇಕೆಂದು ಆಯೋಗದ ಸೂಚನೆಯಿದೆ.

ಆಯೋಗ ಅಧಿಸೂಚಿಸಿದ ಅಗತ್ಯ ಸೇವೆಗಳ ಸಿಬ್ಬಂದಿಯೂ ನಮೂನೆ 12-ಡಿಯನ್ನೇ ಕೊಡಬೇಕು. ಅವರ ಮನೆಗೆ ತಂಡ ಬರುವುದಿಲ್ಲ. ಮತದಾನಕ್ಕೆ ಮುಂಚೆ ಗೊತ್ತಾದ 3 ದಿನ ತೆರೆದಿರುವ ಅಂಚೆ ಮತದಾನ ಕೇಂದ್ರಕ್ಕೆ ಅವರೇ ಹೋಗಬೇಕು. ಚುನಾವಣೆ ಕೆಲಸಕ್ಕೆ ನಿಯೋಜಿತರಾದ ಶಿಕ್ಷಕರು ಮತ್ತಿತರ ನೌಕರರಿಗೆ ನಮೂನೆ 12. ಹಿಂದೆ ಅವರು ಮತಪತ್ರವನ್ನು ಮನೆಗೊಯ್ದು ಅಂಚೆಯಲ್ಲಿ ಕಳುಹಿಸಬಹುದಿತ್ತು. 2023ರ ತಿದ್ದುಪಡಿಯ ನಂತರ ಸೌಲಭ್ಯ ಕೇಂದ್ರದಲ್ಲೇ ಮತ ಹಾಕಿ ಅಲ್ಲೇ ಒಪ್ಪಿಸಬೇಕು. ಆಮಿಷ, ಒತ್ತಡಗಳಿಗೆ ಎಡೆಗೊಡದ ಈ ಬದಲಾವಣೆ ಸ್ವಾಗತಾರ್ಹ. ಸ್ವಂತ ಕ್ಷೇತ್ರದಲ್ಲೇ ಕರ್ತವ್ಯ ಬಿದ್ದವರು ಚುನಾವಣಾ ಕರ್ತವ್ಯ ಪ್ರಮಾಣಪತ್ರ ತೋರಿಸಿ, ತಾವಿರುವ ಮತಗಟ್ಟೆಯ ಯಂತ್ರದಲ್ಲೇ ಮತ ಒತ್ತಬಹುದು.

ಸೈನಿಕರಿಗೆ ಖಾಲಿ ಮತಪತ್ರ ಈಗ ವಿದ್ಯುನ್ಮಾನ ಮಾರ್ಗದಲ್ಲೇ ತಲುಪುತ್ತದೆ. ಅದನ್ನು ಮುದ್ರಿಸಿ, ಗುರುತು ಹಾಕಿ, ಅಂಚೆಯಲ್ಲಿ ಮರಳಿಸಬೇಕು. ಎಣಿಕೆ ಆರಂಭವಾಗುವ ಮುನ್ನ ಅದು ಚುನಾವಣಾಧಿಕಾರಿಯ ಕೈ ಸೇರದಿದ್ದರೆ ಲೆಕ್ಕಕ್ಕಿಲ್ಲ. 2003ರಿಂದ ಅವರು ತಮ್ಮ ಪರವಾಗಿ ಮತ ಹಾಕಲು ಒಬ್ಬ ಪ್ರತಿನಿಧಿಯನ್ನೂ ನೇಮಿಸಬಹುದು. ಆ ಪ್ರತಿನಿಧಿಗೆ ಮೈಸೂರಿನಲ್ಲಿ ತಯಾರಾಗುವ ಅಳಿಸಲಾಗದ ಶಾಯಿಯನ್ನು ಎಡಗೈಯ ನಡುಬೆರಳಿಗೆ ಹಚ್ಚುತ್ತಾರೆ.

ಈ ಯಾವ ಸೌಲಭ್ಯವೂ ಇಲ್ಲದವರ ಗುಂಪು ದೊಡ್ಡದು. ಕಲಬುರಗಿ, ಯಾದಗಿರಿಗಳಿಂದ ಮುಂಬೈ, ಗೋವಾಗಳಿಗೆ ದುಡಿಯಲು ಹೋದವರು ಮತ ಹಾಕಲು ಬಸ್ಸು ಹತ್ತಿ ಊರಿಗೇ ಬರಬೇಕು. ದುಬೈ, ಕತಾರ್‌ಗಳಲ್ಲಿರುವ ಕನ್ನಡಿಗರು ನಮೂನೆ 6-ಎ ಮೂಲಕ ಪಟ್ಟಿಗೆ ಸೇರಬಹುದು, ಆದರೆ ಪಾಸ್‌ಪೋರ್ಟ್ ಹಿಡಿದು ಸ್ವತಃ ಮತಗಟ್ಟೆಗೆ ಬರಬೇಕು. ಅವರಿಗೆ ಪ್ರತಿನಿಧಿಯ ಮೂಲಕ ಮತ ಹಾಕಲು ಅವಕಾಶ ಕೊಡುವ ಮಸೂದೆಯನ್ನು 2018ರಲ್ಲಿ ಲೋಕಸಭೆ ಅಂಗೀಕರಿಸಿತ್ತು. ಮುಂದಿನ ವರ್ಷ ಲೋಕಸಭೆ ವಿಸರ್ಜನೆಯಾದಾಗ ಅದು ಬಿದ್ದುಹೋಯಿತು. ಅನ್ನ ಅರಸಿ ಹೋದವರ ಮತದ ಹಕ್ಕು ಪ್ರಯಾಣದ ಖರ್ಚನ್ನು ಅವಲಂಬಿಸಿರುವುದು ದೊಡ್ಡ ಕೊರತೆ.

ಮನೆಯಲ್ಲಿ ಹಿರಿಯರಿದ್ದರೆ ಮತದಾರರ ಪಟ್ಟಿಯಲ್ಲಿ ಅವರ ವಯಸ್ಸು ಸರಿಯಾಗಿದೆಯೇ ಎಂದು ಈಗಲೇ ನೋಡಿಡಿ. ಅಂಗವೈಕಲ್ಯ ದಾಖಲಾಗದಿದ್ದರೆ ನಮೂನೆ 8 ಕೊಟ್ಟು ದಾಖಲಿಸಿ. ಚುನಾವಣೆ ಘೋಷಣೆಯಾದ ಕೂಡಲೇ ಬಿಎಲ್‌ಒಗೆ ವಿಷಯ ತಿಳಿಸಿ. ಅನುಮಾನವಿದ್ದರೆ ಸಹಾಯವಾಣಿ 1950ಕ್ಕೆ ಕರೆ ಮಾಡಿ ಕೇಳಿ.