ರೈಲು ನಿಂತ ಮೇಲೆ



ನಮ್ಮದರಂಥ ವಿಶಾಲ ದೇಶದಲ್ಲಿ ಪ್ರವಾಸವೆಂದರೆ ಎರಡು ಪ್ರಯಾಣ. ಸಾವಿರಾರು ಕಿಲೋಮೀಟರ್ ದಾಟಿ ಒಂದು ನಗರಕ್ಕೆ ಬಂದಿಳಿಯುವುದು ಮೊದಲನೆಯದು. ಅಲ್ಲಿಂದ ನೋಡಬೇಕಾದ ಸ್ಥಳವನ್ನು ಸೇರುವುದು ಎರಡನೆಯದು. ಮೊದಲನೆಯದಕ್ಕೆ ತಿಂಗಳ ಮುಂಚೆಯೇ ಟಿಕೆಟ್ ಕಾದಿರಿಸುತ್ತೇವೆ. ಎರಡನೆಯದನ್ನು ಯೋಚಿಸುವುದೇ ಇಲ್ಲ. ಪ್ರವಾಸಿಗರು ಪೇಚಿಗೆ ಸಿಲುಕುವುದು ಇಲ್ಲಿಯೇ. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಮುಂದಿಟ್ಟುಕೊಂಡು ಇದನ್ನು ನೋಡೋಣ.

ಭೂಪಟದಲ್ಲಿ ಈ ಮೂರೂ ಊರುಗಳನ್ನು ಗೆರೆಯಿಂದ ಜೋಡಿಸಿದರೆ ತ್ರಿಕೋನವಾಗುತ್ತದೆ. ರೈಲು ತಾಗುವುದು ಒಂದೇ ಮೂಲೆಗೆ, ಬಂಟ್ವಾಳಕ್ಕೆ. ನಿಲ್ದಾಣ ಇರುವುದು ಬಿ.ಸಿ. ರೋಡಿನಲ್ಲಿ, ಅಂದರೆ ಬಂಟ್ವಾಳ ಕ್ರಾಸ್ ರೋಡಿನಲ್ಲಿ. ಬೆಳ್ತಂಗಡಿಗೂ ಮೂಡುಬಿದಿರೆಗೂ ರೈಲು ಇಲ್ಲ.

ಮಂಗಳೂರು–ಹಾಸನ ರೈಲುಮಾರ್ಗ 1979ರಲ್ಲಿ ಮೀಟರ್ ಗೇಜಿನಲ್ಲಿ ತೆರೆಯಿತು. ಬ್ರಾಡ್ ಗೇಜ್ ಮಾಡಲೆಂದು ಘಟ್ಟದ ಭಾಗವನ್ನು 1996ರಲ್ಲಿ ಮುಚ್ಚಲಾಯಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ದಾರಿಯಲ್ಲಿ 57 ಸುರಂಗಗಳಿವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಏರುವ ಕಡಿದಾದ ದಾರಿಯಾದ್ದರಿಂದ ರೈಲು ಇಲ್ಲಿ ನಿಧಾನ. ಹಗಲು ರೈಲಿನಲ್ಲಿ ಬಂದರೆ ಈ ನಿಧಾನವೇ ಲಾಭ. ಕಾಡು, ಕಣಿವೆಗಳನ್ನು ಕಣ್ತುಂಬ ನೋಡಬಹುದು.

ಮುಂಬಯಿಯಿಂದ ಬರುವವರಿಗೆ 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗವಿದೆ. ಮಂಗಳೂರಿನಲ್ಲಿಳಿದು ಬಸ್ಸು ಹತ್ತಬೇಕು. ವಿಮಾನದಲ್ಲಿ ಬಜಪೆಗೆ ಬಂದಿಳಿದವರು ಮೂಡುಬಿದಿರೆಗೆ ಹೋಗಲು ಮಂಗಳೂರು ಪೇಟೆಗೆ ಬರಬೇಕಾಗಿಲ್ಲ. ಕೈಕಂಬಕ್ಕೆ ಬಂದರೆ ಮೂಡುಬಿದಿರೆ ಹೆದ್ದಾರಿ ಸಿಗುತ್ತದೆ.

ಇನ್ನು ತ್ರಿಕೋನದ ಒಳಗಿನ ಓಡಾಟ. ಇದು ಬಸ್ಸಿನ ಸೀಮೆ. ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ 1914ರಷ್ಟು ಹಿಂದೆಯೇ ಮಂಗಳೂರಿನಲ್ಲಿ ಬಸ್ಸು ಆರಂಭಿಸಿತು. ಖಾಸಗಿ ಬಸ್ಸುಗಳ ಆ ಪರಂಪರೆ ಕರಾವಳಿಯಲ್ಲಿ ಇಂದಿಗೂ ಗಟ್ಟಿಯಾಗಿದೆ. ಬಿ.ಸಿ. ರೋಡಿನಿಂದ ಗುರುವಾಯನಕೆರೆಯ ಮೇಲೆ ಬೆಳ್ತಂಗಡಿಗೆ. ಗುರುವಾಯನಕೆರೆಗೆ ಮರಳಿ, 1604ರ ಬಾಹುಬಲಿ ಮೂರ್ತಿಯಿರುವ ವೇಣೂರಿನ ಮೇಲೆ ಸಾವಿರ ಕಂಬದ ಬಸದಿಯ ಮೂಡುಬಿದಿರೆಗೆ. ಅಲ್ಲಿಂದ ಸಿದ್ಧಕಟ್ಟೆಯ ಮೇಲೆ ಮತ್ತೆ ಬಂಟ್ವಾಳಕ್ಕೆ. ಬಸ್ಸು ಹತ್ತುವ ಮೊದಲು ಎಕ್ಸ್‌ಪ್ರೆಸ್ಸೋ ಸರ್ವಿಸ್ಸೋ ಎಂದು ಕೇಳಿ. ಎಕ್ಸ್‌ಪ್ರೆಸ್ ಬಸ್ಸು ಎಲ್ಲ ಕಡೆ ನಿಲ್ಲುವುದಿಲ್ಲ. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಖಾಸಗಿ ಬಸ್ಸಿಗೆ ಅದು ಅನ್ವಯಿಸದು.

ಮಳೆಗಾಲದ ಮಾತೇ ಬೇರೆ. 2019ರ ಆಗಸ್ಟಿನಲ್ಲಿ ಗುಡ್ಡ ಜರಿದು, ಬೆಳ್ತಂಗಡಿಯಿಂದ ಮೂಡಿಗೆರೆ ಕಡೆಗೆ ಏರುವ ಚಾರ್ಮಾಡಿ ಘಾಟಿ ಮುಚ್ಚಿತು. 2024ರ ಜುಲೈ ಕೊನೆಯಲ್ಲಿ ಯಡಕುಮರಿ ಬಳಿ ಮಣ್ಣು ಕುಸಿದು ಘಟ್ಟದ ರೈಲುಗಳು ಹಲವು ದಿನ ನಿಂತವು. ಶಿರಾಡಿ, ಚಾರ್ಮಾಡಿ, ರೈಲು ಎಂಬ ಮೂರು ದಾರಿಗಳಲ್ಲಿ ಒಂದು ಮುಚ್ಚಿದರೆ ಉಳಿದವುಗಳ ಮೇಲೆ ಒತ್ತಡ ಬೀಳುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೊರಡಬೇಕು.

ಒಟ್ಟಿನಲ್ಲಿ ಪ್ರವಾಸದ ಯೋಜನೆಯನ್ನು ಕೊನೆಯಿಂದ ಮೊದಲಿಗೆ ಹಾಕಬೇಕು. ನೋಡುವ ಸ್ಥಳದಿಂದ ಮರಳುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಮೊದಲು ತಿಳಿಯಿರಿ. ರೈಲಿನ ಟಿಕೆಟ್ ಆಮೇಲೆ. ನಿಮ್ಮ ತಾಲೂಕಿನ ಭೂಪಟ ತೆಗೆದುಕೊಂಡು, ದೂರದ ಅತಿಥಿಯೊಬ್ಬರಿಗೆ ಇಂಥದೊಂದು ದಾರಿಪಟ್ಟಿ ಬರೆದು ನೋಡಿ. ನಿಮ್ಮೂರನ್ನು ನೀವೇ ಹೊಸದಾಗಿ ಕಾಣುವಿರಿ.