ಸೈನಿಕರು ಅಭ್ಯಾಸಕ್ಕೆ ಹೊರಡುವಾಗ ಸಾಮಾನು ಕಟ್ಟುವ ಕ್ರಮ



ಜನವರಿ 15 ಸೇನಾ ದಿನ. 1949ರ ಆ ದಿನ ನಮ್ಮ ಕೊಡಗಿನ ಕೆ.ಎಂ. ಕಾರಿಯಪ್ಪನವರು ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಅದಕ್ಕೇ ಈ ತಿಂಗಳ ಗೋಡೆ ಪತ್ರಿಕೆಗೆ ಸೈನಿಕರ ಬಗ್ಗೆ ಬರೆಯಿರಿ ಎಂದು ಗುರುಗಳು ಹೇಳಿದರು. ನಾನು ಯುದ್ಧ ನೋಡಿಲ್ಲ. ಆದರೆ ನಮ್ಮ ಕಾಕಾ ಪಿಟ್ಟು ಕಟ್ಟುವುದನ್ನು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಅದನ್ನೇ ಬರೆಯುತ್ತೇನೆ.

ಪಿಟ್ಟು ಅಂದರೆ ಸೈನಿಕರು ಬೆನ್ನಿಗೆ ಹಾಕಿಕೊಳ್ಳುವ ದೊಡ್ಡ ಚೀಲ. ನಮ್ಮ ಕಾಕಾ ಹವಾಲ್ದಾರರು. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ತರಬೇತಿ ಪಡೆದವರು. ದೀಪಾವಳಿಗೆ ರಜೆ ಮೇಲೆ ಬಂದಿದ್ದರು. ರಜೆ ಮುಗಿದ ಕೂಡಲೇ ಅವರ ಪಲ್ಟನ್ನು ಅಭ್ಯಾಸಕ್ಕೆ ಹೋಗುವುದಿತ್ತು. ಎಲ್ಲಿಗೆ ಎಂದು ಅವರು ಹೇಳಲಿಲ್ಲ. "ಉಸುಕಿನ ಕಡೆ" ಎಂದಷ್ಟೇ ಅಂದರು. ಹೊರಡುವ ಹಿಂದಿನ ದಿನ ಪಡಸಾಲೆಯಲ್ಲಿ ಎಲ್ಲಾ ಸಾಮಾನು ಹರವಿಕೊಂಡು ಕುಳಿತರು. ನಾನೂ ಕುಳಿತೆ.

ಅಭ್ಯಾಸ ಎಂದರೇನು?

ಸೈನಿಕರು ಯುದ್ಧ ಇಲ್ಲದಾಗಲೂ ಯುದ್ಧದ ಹಾಗೆಯೇ ಹೊರಗೆ ಹೋಗಿ ನಡೆಯುತ್ತಾರೆ, ಹೊಂಡ ತೋಡುತ್ತಾರೆ, ರಾತ್ರಿ ಕಾವಲು ಕಾಯುತ್ತಾರೆ. ಅವರಲ್ಲೇ ಕೆಲವರು ವೈರಿಗಳಾಗುತ್ತಾರೆ. ಆಗ ಬಂದೂಕಿನಲ್ಲಿ ಸಪ್ಪಳ ಮಾತ್ರ ಮಾಡುವ ಕಾಡತೂಸು ಇರುತ್ತದೆ, ಗುಂಡು ಇರುವುದಿಲ್ಲ. ಯಾರು ಗೆದ್ದರು, ಯಾರು ಸತ್ತರು ಎಂದು ಹೇಳಲು ಕಬಡ್ಡಿಗೆ ಇದ್ದ ಹಾಗೆ ಅಂಪೈರ್ ಇರುತ್ತಾರೆ. ರಾಜಸ್ಥಾನದ ಬಿಕಾನೇರ ಕಡೆ ಮಹಾಜನ್ ಎಂಬಲ್ಲಿ ಇಂಥ ದೊಡ್ಡ ಮೈದಾನವಿದೆ. 2021ರಲ್ಲಿ ಅಮೆರಿಕದ ಸೈನಿಕರೂ ಅಲ್ಲಿಗೆ ಬಂದು ನಮ್ಮವರ ಜೊತೆ ಅಭ್ಯಾಸ ಮಾಡಿದರು. 2022ರ ಫೆಬ್ರವರಿ-ಮಾರ್ಚ್‌ನಲ್ಲಿ ಜಪಾನಿನ ಸೈನಿಕರು ನಮ್ಮ ಬೆಳಗಾವಿಗೇ ಬಂದಿದ್ದರು. ಆ ಅಭ್ಯಾಸದ ಹೆಸರು ಧರ್ಮ ಗಾರ್ಡಿಯನ್.

ಮೊದಲು ತಪ್ಪಾಗಿ ಕಟ್ಟಿದರು

ಕಾಕಾ ಬೇಕೆಂದೇ ಒಮ್ಮೆ ತಪ್ಪಾಗಿ ಕಟ್ಟಿ ತೋರಿಸಿದರು. ಭಾರದ ಸಾಮಾನು ಬೆನ್ನಿನಿಂದ ದೂರ, ಚೀಲದ ಹೊರಬದಿಗೆ ಹಾಕಿದರು. ಪಟ್ಟಿ ಉದ್ದ ಬಿಟ್ಟರು. "ಹೊತಗೊಂಡು ನೋಡವಾ" ಅಂದರು. ನಾನು ಹೊತ್ತೆ. ಚೀಲ ಹಿಂದಕ್ಕೆ ಜಗ್ಗಿತು. ಅಂಗಳದಲ್ಲಿ ನಾಲ್ಕು ಹೆಜ್ಜೆ ಇಡುವುದರಲ್ಲಿ ಕುಂಡಿಯೂರಿ ಬಿದ್ದೆ. ನಮ್ಮ ಓಣಿಯ ಹುಡುಗರು ನಕ್ಕರು. "ಹುಡುಗ್ಯಾರಿಗೆ ಯಾಕ ಬೇಕ್ರಿ ಇದು?" ಎಂದು ಒಬ್ಬ ಅಂದ.

ಕಾಕಾ ಅವನಿಗೆ ಸಿಟ್ಟು ಮಾಡಲಿಲ್ಲ. "2021ರಾಗ ಬೆಂಗಳೂರಾಗ ಮಿಲಿಟರಿ ಪೊಲೀಸ್ ತರಬೇತಿ ಮುಗಿಸಿ 83 ಮಂದಿ ಹುಡುಗ್ಯಾರು ಸೈನಿಕರಾಗ್ಯಾರ. ಅವರೂ ಹಿಂಗ ಭಾರ ಹೊತ್ತಾರಪಾ" ಅಂದರು. ಹುಡುಗರು ಸುಮ್ಮನಾದರು.

ಆಮೇಲೆ ಅದೇ ಸಾಮಾನನ್ನು ಸರಿಯಾಗಿ ಕಟ್ಟಿಕೊಟ್ಟರು. ಒಂದು ಚೂರೂ ಕಡಿಮೆ ಮಾಡಲಿಲ್ಲ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ 14 ಕಿಲೋ ಆಯಿತು. ನನ್ನ ತೂಕ 34 ಕಿಲೋ. ಆದರೂ ಈ ಸಲ ಗುಡಿಯ ತನಕ ಹೋಗಿ ಬಂದೆ. "ಭಾರ ಅಷ್ಟ ಐತಿ. ಕಟ್ಟೂದರಾಗ ಫರಕ" ಎಂದು ಕಾಕಾ ಹೇಳಿದರು. ಅವರು ಹೇಳಿದ ಕ್ರಮ ಹೀಗಿದೆ.

1. ಕಾಲು ಮೊದಲು, ಚೀಲ ಆಮೇಲೆ

ಹೊಸ ಬೂಟು ಹಾಕಿಕೊಂಡು ಅಭ್ಯಾಸಕ್ಕೆ ಹೋಗಲೇಬಾರದು. ಮೊದಲೇ ಕೆಲವು ವಾರ ದಿನಾ ಸ್ವಲ್ಪ ಸ್ವಲ್ಪ ಹಾಕಿ ನಡೆದು ಮೆತ್ತಗೆ ಮಾಡಿಕೊಳ್ಳಬೇಕು. ದಪ್ಪ ಕಾಲುಚೀಲ ಹಾಕಿಕೊಂಡೇ ಬೂಟಿನ ಅಳತೆ ನೋಡಬೇಕು. ಬೆರಳುಗಳು ಮುಂದೆ ಆಡಬೇಕು, ಹಿಮ್ಮಡ ಮಾತ್ರ ಮೇಲೆ ಏಳಬಾರದು. ಹಿಮ್ಮಡ ಎದ್ದರೆ ಹೆಜ್ಜೆಗೊಮ್ಮೆ ತಿಕ್ಕಿ ಬೊಬ್ಬೆ ಬರುತ್ತದೆ. ಕಾಲುಚೀಲದಲ್ಲಿ ಒಂದು ಮಡಿಕೆ ಇದ್ದರೂ ಬೊಬ್ಬೆಯೇ. ಉಗುರು ಕತ್ತರಿಸಿರಬೇಕು. ಕಾಲುಚೀಲ ಒದ್ದೆಯಾದರೆ ತೆಗೆದು, ಕಾಲು ಒರೆಸಿ, ಪೌಡರ್ ಹಾಕಿ ಒಣಗಿದ್ದನ್ನು ಹಾಕಿಕೊಳ್ಳಬೇಕು. ಅದಕ್ಕೇ ಚೀಲದಲ್ಲಿ ಬೇರೆ ಜೊತೆ ಇರುತ್ತದೆ.

ಇದು ನನಗೆ ಬೇಗ ತಿಳಿಯಿತು. ಹೋದ ವರ್ಷ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವಾಗ ನಾನು ಹೊಸ ಚಪ್ಪಲಿ ಹಾಕಿದ್ದೆ. ಅರ್ಧ ದಾರಿಯಲ್ಲೇ ಬೊಬ್ಬೆ ಎದ್ದು ಒಡೆದವು. ಉಳಿದ ದಾರಿ ಚಕ್ಕಡಿಯಲ್ಲಿ ಕುಳಿತು ಹೋದೆ. ಸೈನಿಕರಿಗೆ ಚಕ್ಕಡಿ ಎಲ್ಲಿರುತ್ತದೆ?

2. ಚೀಲ ತುಂಬುವುದು

ಎಲ್ಲಾ ಬಟ್ಟೆಯನ್ನು ಮೊದಲು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಬೇಕು. ಮಳೆ ಬಂದರೂ, ಹಳ್ಳ ದಾಟಿದರೂ ಒಣಗಿದ್ದು ಒಣಗಿದ್ದೇ ಇರುತ್ತದೆ. ರಾತ್ರಿ ಮಾತ್ರ ಬೇಕಾಗುವ ಹಾಸಿಗೆ, ಸ್ವೆಟರ್ ತಳದಲ್ಲಿ. ಭಾರದ ಸಾಮಾನು ನಡುವೆ, ಬೆನ್ನಿಗೆ ತಾಗಿದಂತೆ. ಅವಸರಕ್ಕೆ ಬೇಕಾಗುವ ಮಳೆಯ ಹೊದಿಕೆ ಎಲ್ಲದಕ್ಕಿಂತ ಮೇಲೆ. ಉಸುಕಿನ ಪ್ರದೇಶದಲ್ಲಿ ಹಗಲು ಬಿಸಿಲು ಇದ್ದರೂ ಚಳಿಗಾಲದ ರಾತ್ರಿ ಬಹಳ ಥಂಡಿ. ಅದಕ್ಕೆ ಸ್ವೆಟರ್ ಬಿಡುವಂತಿಲ್ಲ.

ಭಾರ ಬೆನ್ನಿಗೆ ಯಾಕೆ ತಾಗಿರಬೇಕು? ತುಂಬಿದ ಕೊಡವನ್ನು ಟೊಂಕದ ಮೇಲೆ ಇಟ್ಟುಕೊಂಡರೆ ಮನೆ ತನಕ ಬರುತ್ತೇವೆ. ಅದೇ ಕೊಡವನ್ನು ಕೈ ಚಾಚಿ ದೂರ ಹಿಡಿದರೆ ಹತ್ತು ಎಣಿಸುವುದರಲ್ಲಿ ಕೈ ಸೋಲುತ್ತದೆ. ಕೊಡ ಒಂದೇ, ನೀರೂ ಅಷ್ಟೇ. ಭಾರ ಮೈಯಿಂದ ದೂರ ಹೋದಷ್ಟೂ ಹೆಚ್ಚು ಜಗ್ಗುತ್ತದೆ.

ತಿನ್ನಲು ಶಕರಪಾರೆ ಇರುತ್ತದೆ. ಅದು ಬೇರೆ ಏನೂ ಅಲ್ಲ, ನಮ್ಮ ದೀಪಾವಳಿಯ ಶಂಕರಪಾಳಿ! ಬೇಗ ಕೆಡುವುದಿಲ್ಲ, ಒಲೆ ಬೇಡ. ನಮ್ಮ ಆಯಿ ಒಂದು ಸೇರು ಹೆಚ್ಚಿಗೆ ಕಟ್ಟಿಕೊಟ್ಟಳು. ಕಾಕಾ ಅದಕ್ಕೆ ಮಾತ್ರ ಭಾರ ಅನ್ನಲಿಲ್ಲ.

3. ಪಟ್ಟಿ ಬಿಗಿಯುವುದು

ಚೀಲ ಬೆನ್ನಿನ ಮೇಲ್ಭಾಗದಲ್ಲಿ ಕೂರಬೇಕು, ಕೆಳಗೆ ಜೋಲಬಾರದು. ಎರಡೂ ಪಟ್ಟಿ ಸಮ ಇರಬೇಕು. ಒಂದು ಉದ್ದ ಒಂದು ಗಿಡ್ಡ ಆದರೆ ಒಂದೇ ಹೆಗಲಿಗೆ ಭಾರ ಬೀಳುತ್ತದೆ. ಬಿಗಿದ ಮೇಲೆ ಉಳಿದ ಪಟ್ಟಿಯ ತುದಿ ಸುತ್ತಿ ಕಟ್ಟಬೇಕು, ಇಲ್ಲದಿದ್ದರೆ ಜಾಲಿ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಅರ್ಧ ತಾಸು ನಡೆದ ಮೇಲೆ ನಿಂತು ಮತ್ತೆ ಬಿಗಿಯಬೇಕು. ಯಾಕೆಂದರೆ ನಡೆಯುವಾಗ ಸಾಮಾನು ಕೂರುತ್ತದೆ, ಪಟ್ಟಿ ಸಡಿಲಾಗುತ್ತದೆ.

4. ಬೆಲ್ಟು ಮತ್ತು ಬಂದೂಕು

ಬಂದೂಕನ್ನು ರಜೆಯಲ್ಲಿ ಮನೆಗೆ ತರುವಂತಿಲ್ಲ. ಅದು ಪಲ್ಟನ್ನಿನ ಕೋತ್ ಎಂಬ ಕೋಣೆಯಲ್ಲಿ ಬೀಗದೊಳಗೆ ಇರುತ್ತದೆ. ಇನ್ಸಾಸ್ ಎಂಬ ಬಂದೂಕು ಖಾಲಿ ಇದ್ದಾಗಲೇ 4 ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಕಾಡತೂಸಿನ ಪೌಚು ಬೆಲ್ಟಿನ ಮುಂದೆ ಇರುತ್ತದೆ. ಬಲಗೈ ಬಂದೂಕಿನ ಮೇಲೆ ಇರುವಾಗ ಎಡಗೈ ನೋಡದೆಯೇ ಅಲ್ಲಿಗೆ ಹೋಗಬೇಕು. ನೀರಿನ ಬಾಟಲಿ ಪಕ್ಕಕ್ಕೆ. ಒಂದು ಲೀಟರ್ ನೀರು ಒಂದು ಕಿಲೋ ಎಂದು ನಾವು ವಿಜ್ಞಾನದಲ್ಲಿ ಓದಿದ್ದೇವೆ. ಆದರೆ ಭಾರ ಎಂದು ನೀರು ಕಡಿಮೆ ಒಯ್ಯುವಂತಿಲ್ಲ.

5. ಸಪ್ಪಳ ಮತ್ತು ಹೊಳಪು

ಎಲ್ಲಾ ಹಾಕಿಕೊಂಡ ಮೇಲೆ ನಿಂತಲ್ಲೇ ಜಿಗಿಯಬೇಕು. ಏನಾದರೂ ಸಪ್ಪಳ ಮಾಡಿದರೆ ಬಿಚ್ಚಿ ಮತ್ತೆ ಕಟ್ಟಬೇಕು. ಊಟದ ಡಬ್ಬಿ, ಚಮಚಕ್ಕೆ ಬಟ್ಟೆ ಸುತ್ತಬೇಕು. ಬಾಟಲಿ ಕಂಠದ ತನಕ ತುಂಬಿರಬೇಕು. ಅರ್ಧ ಇದ್ದರೆ ಗುಳುಗುಳು ಅನ್ನುತ್ತದೆ. ಹೊಳೆಯುವುದನ್ನೆಲ್ಲ ಮುಚ್ಚಬೇಕು, ಕೈಗಡಿಯಾರದ ಗಾಜನ್ನು ಕೂಡ. ಹೆಲ್ಮೆಟ್ಟಿನ ಬಲೆಗೆ ಹುಲ್ಲು ಎಲೆ ಸಿಕ್ಕಿಸುತ್ತಾರೆ. ಅದು ಅಲ್ಲಿಯದೇ ಆಗಿರಬೇಕು. ಬಾಡಿದ ಮೇಲೆ ಬದಲಿಸಬೇಕು. ಹಸಿರು ಹೊಲದಲ್ಲಿ ಒಣಗಿದ ಕಂಟಿ ನಡೆದರೆ ಯಾರಿಗಾದರೂ ಕಾಣುವುದಿಲ್ಲವೇ?

ಕಾಕಾ ಹೊಸದಾಗಿ ಸೇರಿದಾಗ ಒಂದು ರಾತ್ರಿಯ ಅಭ್ಯಾಸದಲ್ಲಿ ಡಬ್ಬಿಗೆ ಬಟ್ಟೆ ಸುತ್ತುವುದನ್ನು ಮರೆತಿದ್ದರಂತೆ. ಕಾಲುವೆ ಜಿಗಿಯುವಾಗ ಠಣ್ ಅಂತು. ವೈರಿ ಆಗಿದ್ದವರು ಬೆಳಕು ಬಿಟ್ಟರು. ಅವರ ಸೆಕ್ಷನ್ನಿನಲ್ಲಿ ಹತ್ತು ಜನ. ಹತ್ತೂ ಜನ ಸತ್ತರು ಎಂದು ಅಂಪೈರ್ ಹೇಳಿದರು. ಅವರೆಲ್ಲ ಕತ್ತಲಲ್ಲಿ ನೆಲಕ್ಕೆ ಕುಳಿತರು. ಯಾರೂ ಕಾಕಾಗೆ ಬಯ್ಯಲಿಲ್ಲ. "ಬಯ್ದಿದ್ದರ ಚಲೋ ಇತ್ತು" ಎಂದು ಕಾಕಾ ಇಷ್ಟು ವರ್ಷದ ಮೇಲೂ ಅನ್ನುತ್ತಾರೆ.

6. ಗಾಯದ ಪಟ್ಟಿ

ಇದು ಎಲ್ಲಕ್ಕಿಂತ ಮುಖ್ಯ. ಪ್ರತಿಯೊಬ್ಬ ಸೈನಿಕನ ಹತ್ತಿರ ಗಾಯಕ್ಕೆ ಕಟ್ಟುವ ಪಟ್ಟಿಯ ಒಂದು ಸಣ್ಣ ಪೊಟ್ಟಣ ಇರುತ್ತದೆ. ಪಲ್ಟನ್ನಿನಲ್ಲಿ ಎಲ್ಲರೂ ಅದನ್ನು ಒಂದೇ ಜಾಗದಲ್ಲಿ ಇಡಬೇಕು. "ನನಗ ಬೇಕಾದಲ್ಲಿ ಇಟಗೋತೀನಿ" ಅನ್ನುವಂತಿಲ್ಲ. ಯಾಕೆ ಎಂದು ಕೇಳಿದೆ.

ಕಾಕಾ ಹೇಳಿದರು: "ನನಗ ಗಾಯ ಆದರ ನನಗ ಎಚ್ಚರ ಇರತೈತೋ ಇಲ್ಲೋ. ನನ್ನ ಪಟ್ಟಿ ನಾ ತಗಿಯಾಂವ ಅಲ್ಲ, ನನ್ನ ಜೋಡಿದಾರ ತಗದು ನನಗ ಕಟ್ಟತಾನ. ಕತ್ತಲಾಗ ಅವನ ಕೈಗೆ ಸಿಗಬೇಕು."

ಸೈನ್ಯದಲ್ಲಿ ಇಬ್ಬಿಬ್ಬರು ಜೋಡಿ ಇರುತ್ತಾರೆ. ತರಬೇತಿ ಕೊಡುವವರಿಗೆ ಉಸ್ತಾದ್ ಎನ್ನುತ್ತಾರೆ. ಉಸ್ತಾದರು ಕಣ್ಣಿಗೆ ಬಟ್ಟೆ ಕಟ್ಟಿ, ಜೋಡಿದಾರನ ಪಟ್ಟಿ ತೆಗೆ ಎಂದು ರೂಢಿ ಮಾಡಿಸುತ್ತಿದ್ದರಂತೆ. ಹೊರಡುವ ಮುಂಚೆ ಒಬ್ಬರನ್ನೊಬ್ಬರು ತಲೆಯಿಂದ ಬೂಟಿನ ತನಕ ಮುಟ್ಟಿ ನೋಡುತ್ತಾರೆ. ನಮ್ಮ ಬೆನ್ನು ನಮಗೆ ಕಾಣುವುದಿಲ್ಲ, ಜೋಡಿದಾರನಿಗೆ ಕಾಣುತ್ತದೆ.

ಇದನ್ನು ಕೇಳಿ ನಾನು ಸುಮ್ಮನೆ ಕುಳಿತೆ. ನನಗೆ ಆಗಸ್ಟ್ ತಿಂಗಳ ಒಂದು ದಿನ ನೆನಪಾಯಿತು. ಮೂರನೇ ತರಗತಿಯ ಒಬ್ಬ ಹುಡುಗ ಬಯಲಿನಲ್ಲಿ ಗಾಜು ತುಳಿದ. ಬಹಳ ರಕ್ತ ಬಂತು. ಹತ್ತಿ, ಪಟ್ಟಿ ಇರುವ ಡಬ್ಬಿ ತಾ ಎಂದು ನನ್ನನ್ನು ಓಡಿಸಿದರು. ನಾನು ಕಪಾಟು ನೋಡಿದೆ, ಮೇಜಿನ ಖಾನೆ ನೋಡಿದೆ, ಅಡುಗೆ ಕೋಣೆಗೂ ಹೋದೆ. ಸಿಗಲಿಲ್ಲ. ಖಾಲಿ ಕೈಯಲ್ಲಿ ವಾಪಸ್ ಬಂದಾಗ ಗುರುಮಾತೆಯರು ತಮ್ಮ ಕರವಸ್ತ್ರ ಕಟ್ಟಿದ್ದರು. ಹುಡುಗ ಈಗ ಆರಾಮ ಇದ್ದಾನೆ. ಡಬ್ಬಿ ಮರುದಿನ ಆಟದ ಸಾಮಾನಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಅದನ್ನು ಅಲ್ಲಿ ಇಟ್ಟವಳು ನಾನೇ. ಕ್ರೀಡಾಕೂಟದ ದಿನ ಒಯ್ದು, ತಂದು, ಖೋಖೋ ಕಂಬದ ಹಗ್ಗದ ಜೊತೆ ಇಟ್ಟು ಮರೆತಿದ್ದೆ. ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಕಾಕಾಗೆ ಅವತ್ತು ಹೇಳಿದೆ. ಈಗ ಇಲ್ಲಿ ಬರೆದಿದ್ದೇನೆ. ಗುರುಗಳು ಕ್ಷಮಿಸಬೇಕು.

ಕಾಕಾ ನನಗೂ ಬಯ್ಯಲಿಲ್ಲ. "ಡಬ್ಬಿಗೆ ಒಂದು ಮೊಳೆ ಹೊಡೀರಿ. ಅಲ್ಲೇ ಇರಲಿ, ದಿನಾ ಅಲ್ಲೇ ಇರಲಿ" ಎಂದರು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮುಖ್ಯ ಗುರುಗಳು ಒಪ್ಪಿದರೆ ಡಬ್ಬಿಯನ್ನು ಐದನೇ ತರಗತಿಯ ಬಾಗಿಲ ಪಕ್ಕ ಮೊಳೆಗೆ ತೂಗು ಹಾಕೋಣ. ಒಂದನೇ ತರಗತಿಯವರ ಕೈಗೂ ಎಟುಕುವಷ್ಟು ಎತ್ತರದಲ್ಲಿ ಇರಲಿ. ಹತ್ತಿ, ಪಟ್ಟಿ, ಔಷಧ ಎಷ್ಟಿದೆ ಎಂದು ಶನಿವಾರ ಇಬ್ಬರು ಸೇರಿ ನೋಡಬೇಕು. ಒಬ್ಬರು ಮರೆತರೆ ಇನ್ನೊಬ್ಬರಿಗೆ ನೆನಪಿರುತ್ತದೆ. ಮೊದಲ ಶನಿವಾರ ನಾನು ನೋಡುತ್ತೇನೆ. ಜೋಡಿಗೆ ಯಾರು ಬರುತ್ತೀರಿ? ಕೆಳಗೆ ಜಾಗ ಬಿಟ್ಟಿದ್ದೇನೆ, ಹೆಸರು ಬರೆಯಿರಿ.

ಹೋದ ವಾರ ಕಾಕಾನ ಫೋನ್ ಬಂದಿತ್ತು. ಅಭ್ಯಾಸ ಮುಗಿದಿದೆ. ಕಾಲಿಗೆ ಒಂದೂ ಬೊಬ್ಬೆ ಇಲ್ಲ. ಆಯಿಯ ಶಂಕರಪಾಳಿ ಹತ್ತೂ ಜನರಿಗೆ ಸಾಕಾಯಿತಂತೆ.

ಜೈ ಹಿಂದ್. ಜೈ ಕರ್ನಾಟಕ.

(7ನೇ ತರಗತಿ ವಿದ್ಯಾರ್ಥಿನಿ)

ಜೋಡಿಗೆ ಬರುವವರು: ........................